ಪೂರ್ತಿ ಕೂರದ ಪಾರ್ತಿನಿ

ಪಾರ್ತಿನಿ ಯಾವುದರ ಮೇಲೂ ಪೂರ್ತಿ ಕೂರುತ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಿರಲಿ, ಬಸ್ಸಿನ ಸೀಟಿರಲಿ, ಯಾರದೋ ಬೈಕಿನ ಹಿಂಬದಿಯಿರಲಿ, ಅರ್ಧ ಭಾರವನ್ನು ತನ್ನ ಪಾದಗಳ ಮೇಲೇ ಉಳಿಸಿಕೊಂಡು ಕೂರುತ್ತಿದ್ದಳು. ನೋಡುವವರಿಗೆ ಕೂತ ಹಾಗೆಯೇ ಕಾಣುತ್ತಿತ್ತು. ತೊಡೆ ಒಳಗೊಳಗೇ ನಡುಗುತ್ತಿರುವುದು ಅವಳೊಬ್ಬಳಿಗೇ ಗೊತ್ತು. ಹಿಂದೊಮ್ಮೆ ಶಾಲೆಯಲ್ಲಿ ಬೆಂಚಿನ ಕಾಲು ಮುರಿದಿತ್ತು. ಆ ಬೆಂಚಿನ ತುಂಬ ಹುಡುಗಿಯರು ಕೂತಿದ್ದರು, ಕೆಟ್ಟ ಹೆಸರು ಬಂದದ್ದು ಇವಳಿಗೆ. ಅಂದಿನಿಂದ ಹತ್ತಿದ ಅಭ್ಯಾಸ ಅದು.

ಅವಳದು ಜಾವಾದ ಕ್ಲಾತೆನ್ ಪೇಟೆಯಿಂದ ಒಳಗೆ, ಭತ್ತದ ಗದ್ದೆಗಳ ನಡುವಿನ ಊರು. ತಾಯಿ ಸುಕಿನಾ ಬೆಳಗಿನ ಸಂತೆಯಲ್ಲಿ ಬೇಯಿಸಿದ ಸೊಪ್ಪಿಗೆ ಕಡಲೆಕಾಯಿ ಗೊಜ್ಜು ಸುರಿದು ಬಾಳೆಲೆಯಲ್ಲಿ ಕಟ್ಟಿ ಮಾರುವವಳು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ತಂದೆ ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿಯುತ್ತಿದ್ದ. ಸಂಜೆ ಮೈ ತೊಳೆದು ಬಂದು ಜಗುಲಿಯ ಬಿದಿರಿನ ಮಂಚದ ಮೇಲೆ ಕೂತು, ಒಂದು ತೊಡೆಯ ಮೇಲೆ ಪಾರ್ತಿನಿಯನ್ನು, ಇನ್ನೊಂದರ ಮೇಲೆ ತನ್ನ ಅಣ್ಣನ ಮಗಳು ಎಂದಾಂಗಳನ್ನು ಕೂರಿಸಿಕೊಳ್ಳುವುದು ಅವನಿಗೆ ಇಷ್ಟದ ಆಟ. ಮದುವೆಯಲ್ಲಿ ಹೆಣ್ಣಿನ ತಂದೆ ಹೆಣ್ಣುಗಂಡನ್ನು ತೊಡೆಗಳ ಮೇಲೆ ಕೂರಿಸಿಕೊಂಡು ತೂಗುವ ಶಾಸ್ತ್ರವಿದೆಯಲ್ಲ, ಅದರ ಅಣಕ.

"ಯಾರು ಭಾರ?" ಎಂದು ಹುಡುಗಿಯರು ಕೇಳುವರು.

ಎಂದಾಂಗ್ ಕಡ್ಡಿಯಂಥವಳು. ಪಾರ್ತಿನಿ ಆಗಲೇ ಅವಳ ಎರಡರಷ್ಟಿದ್ದಳು. ಅಪ್ಪ ಕಣ್ಣು ಮುಚ್ಚಿ, ತೊಡೆಗಳನ್ನು ಮೇಲೆ ಕೆಳಗೆ ಆಡಿಸಿ, ಬಹಳ ಯೋಚಿಸಿದವನ ಹಾಗೆ ಹೇಳುವನು: "ಎರಡೂ ಒಂದೇ."

ಮದುವೆಯಲ್ಲಿ ಹೇಳುವ ಮಾತೂ ಅದೇ. ತಾಯಿ ಕೇಳುತ್ತಾಳೆ, ತಂದೆ ಹೇಳುತ್ತಾನೆ. ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ.

ಪಾರ್ತಿನಿ ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಅಪ್ಪ ಜ್ವರ ಬಂದು ತೀರಿಹೋದ. ಶಾಲೆಯೂ ಅಲ್ಲಿಗೇ ನಿಂತಿತು.

ಅಪ್ಪನ ಅಣ್ಣ ದರ್ಸೊನೊ ಊರಿನಲ್ಲಿ ದೊಡ್ಡ ಮಾತುಗಾರ. ಯಾರ ಮದುವೆಯಾದರೂ ಮೈಕು ಕೊನೆಗೆ ಅವನ ಕೈಗೇ ಬರುತ್ತಿತ್ತು. ಅವನು ನಗಿಸಿದರೆ ಚಪ್ಪರವೇ ನಗಬೇಕು. ಯಾರನ್ನು ತೋರಿಸಿ ನಗಿಸುತ್ತಾನೆ ಎನ್ನುವುದು ಮಾತ್ರ ಅವನಿಷ್ಟ. ಅವನ ಮಗಳು ಎಂದಾಂಗಳ ಮದುವೆ ಗೊತ್ತಾದಾಗ ಪಾರ್ತಿನಿಗೆ ಹದಿನೈದು. ಮದುವೆಮನೆಯ ಬಾಗಿಲಲ್ಲಿ ಎರಡು ಸಾಲಾಗಿ ನಿಂತು ಬಂದವರಿಗೆ ಕೈಮುಗಿಯುವ ಹುಡುಗಿಯರಿಗೆ ಊರಿನಲ್ಲಿ 'ಚೆಲುವಿನ ಬೇಲಿ' ಎನ್ನುತ್ತಾರೆ. ಅವರಿಗೆಲ್ಲ ಒಂದೇ ಬಣ್ಣದ ಬಟ್ಟೆಯನ್ನು ಮದುವೆಯ ಮನೆಯವರೇ ಕೊಡಬೇಕು. ಎಂದಾಂಗ್ ತಾನೇ ಬಂದು ಪಾರ್ತಿನಿಯ ಕೈಗೆ ಬಟ್ಟೆ ಕೊಟ್ಟು ಹೋಗಿದ್ದಳು. ತಿಳಿ ಹಸಿರು, ಬಾಳೆಯ ಹೊಸ ಸುಳಿಯ ಬಣ್ಣ.

ಹಿಂದಿನ ದಿನ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ನೋಡಿದರು. ದರ್ಸೊನೊ ಲವಂಗದ ಸಿಗರೇಟು ಹಿಡಿದುಕೊಂಡು ಬಂದ. ಪಾರ್ತಿನಿಯ ಎದುರು ನಿಂತ.

"ಏನ್ರೇ ಇದು, ಬೇಲಿ ಹಾಕಿ ಅಂದ್ರೆ ಗೋಡೆ ಕಟ್ಟಿದ್ದೀರಲ್ಲ. ಜನ ಒಳಗೆ ಬರೋದು ಹೇಗೆ?"

ಎಲ್ಲರೂ ನಕ್ಕರು. ಎಂದಾಂಗ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಸಂಜೆಯೊಳಗೆ ಹಸಿರು ಬಟ್ಟೆ ಪಕ್ಕದ ಓಣಿಯ ಹುಡುಗಿಯ ಪಾಲಾಯಿತು. ಪಾರ್ತಿನಿಯನ್ನು ಹಿತ್ತಿಲಿಗೆ, ಅಡಿಗೆ ಮಾಡುವ ಹೆಂಗಸರ ಜೊತೆ ಕಳಿಸಿದರು. ಅವಳು ಎರಡು ದಿನ ತೆಂಗಿನಕಾಯಿ ತುರಿದಳು, ತಟ್ಟೆ ತೊಳೆದಳು. ಮುಂಬಾಗಿಲಿಗೆ ಹಣ್ಣಿನ ಬುಟ್ಟಿ ಕೊಡಲು ಒಮ್ಮೆ ಹೋದಾಗ, ಹೊಟ್ಟೆಯನ್ನು ಮಡಿಲಲ್ಲಿ ಹೊತ್ತುಕೊಂಡ ಗಂಡಸರು ಅಲ್ಲಿ ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದರು. ಅವರನ್ನು ಯಾರೂ ಗೋಡೆ ಎನ್ನಲಿಲ್ಲ.

"ಅಳ್ತೀಯೇನೇ?" ಎಂದಳು ಸುಕಿನಾ, ಮನೆಗೆ ಬರುವ ದಾರಿಯಲ್ಲಿ. "ಅವರು ಸುಳ್ಳೇನೂ ಹೇಳಿಲ್ಲ. ತಿನ್ನೋವಾಗ ಯೋಚನೆ ಮಾಡಬೇಕಿತ್ತು."

"ನಾನು ಅಳ್ತಿಲ್ಲ," ಎಂದಳು ಪಾರ್ತಿನಿ.

ಆಮೇಲೆ ಅವಳು ಪಕ್ಕದ ಊರಿನ ಹೊಲಿಗೆ ಕಾರ್ಖಾನೆಗೆ ಸೇರಿದಳು. ಕಾರ್ಖಾನೆ ಎಂದರೆ ಒಂದು ಉದ್ದನೆಯ ಶೆಡ್ಡು, ಸಾಲು ಮಿಷನ್ನು. ಮೊದಲು ಶಾಲೆಯ ಸಮವಸ್ತ್ರ ಹೊಲಿದಳು. ಕೈ ಕುದುರಿದ ಮೇಲೆ ಮದುವೆಯ ಬಟ್ಟೆಗಳು ಅವಳ ಪಾಲಿಗೆ ಬಂದವು. ಸುತ್ತಲ ಊರುಗಳ ಬೇಲಿಯ ಹುಡುಗಿಯರಿಗೆಲ್ಲ ಅವಳೇ ಹೊಲಿದು ಕೊಟ್ಟಳು. ಅಳತೆ ಕೊಡಲು ಬಂದ ಹುಡುಗಿಯರು ಟೇಪು ಸೊಂಟಕ್ಕೆ ಬರುತ್ತಲೇ ಉಸಿರು ಒಳಗೆಳೆದು ಹೊಟ್ಟೆ ಅಂಟಿಸಿಕೊಳ್ಳುತ್ತಿದ್ದರು. "ಉಸಿರು ಬಿಡು, ಇಲ್ಲಾಂದ್ರೆ ಊಟದ ಹೊತ್ತಿಗೆ ಹೊಲಿಗೆ ಬಿಡುತ್ತೆ," ಎಂದು ಅವಳು ಗದರುತ್ತಿದ್ದಳು. ಕಡ್ಡಿಯಂಥವರೂ ಹಾಗೆಯೇ ಮಾಡುವುದನ್ನು ನೋಡಿ ಅವಳಿಗೆ ಮೊದಮೊದಲು ಆಶ್ಚರ್ಯವಾಗುತ್ತಿತ್ತು. ಕೊನೆಕೊನೆಗೆ ಸಿಟ್ಟು ಬರತೊಡಗಿತು. ಯಾರ ಮೇಲೆ ಎಂದು ಅವಳಿಗೂ ತಿಳಿಯದು.

ಬಟ್ಟೆ ಕತ್ತರಿಸುವ ಗಿಮಾನ್ ಅದೇ ಶೆಡ್ಡಿನವನು. ತೆಳ್ಳಗೆ ಉದ್ದಕ್ಕೆ ಇದ್ದ. ಒಳ್ಳೆಯವನು ಎನ್ನುವುದಕ್ಕಿಂತ, ಯಾರಿಗೂ ಎದುರಾಡದವನು ಎಂದರೆ ಸರಿ. ಎಲ್ಲರೂ ಬೈದರೆ ಅವನು ಸುಮ್ಮನಿರುತ್ತಿದ್ದ, ಎಲ್ಲರೂ ನಕ್ಕರೆ ನಗುತ್ತಿದ್ದ. ಮಳೆಯ ದಿನಗಳಲ್ಲಿ ಪಾರ್ತಿನಿಯನ್ನು ಬೈಕಿನಲ್ಲಿ ಮನೆಗೆ ಬಿಡುತ್ತಿದ್ದ. ಅವಳು ಕಾಲು ಬಿಗಿದುಕೊಂಡು, ಅರ್ಧ ನಿಂತ ಹಾಗೆ ಕೂರುವುದು ಅವನಿಗೆ ತಿಳಿದಿತ್ತೋ ಇಲ್ಲವೋ. ಒಂದು ದಿನ ತಾನೇ ಕೇಳಿದ, "ಮದುವೆ ಆಗೋಣವಾ?" ಇಪ್ಪತ್ತೇಳು ವರ್ಷದ ಪಾರ್ತಿನಿ ಹೂಂ ಎಂದಳು. ಅವನು ಅವಳಿಗೆ ಇಷ್ಟವಿದ್ದ.

ಅಂದಿನಿಂದ ಸುಕಿನಾಳಿಗೆ ಮಗಳ ಮೈಯೊಂದೇ ಕೆಲಸ. ಬೆಳಿಗ್ಗೆ ಏಳುತ್ತಲೇ ಮೈ ಇಳಿಸುವ ಕಹಿ ಕಷಾಯದ ಲೋಟ. ಮಧ್ಯಾಹ್ನ ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಅವಳ ಕೈ.

"ಸಾಕು."

"ಅಮ್ಮಾ, ಬೆಳಗಿಂದ ಮಿಷನ್ ತುಳಿದಿದ್ದೀನಿ."

"ತುಳಿದಿದ್ದಕ್ಕೆ ಇಳಿದಿದ್ದರೆ ಸರಿ. ಆ ಕಡ್ಡಿಯಂಥ ಹುಡುಗನ ಪಕ್ಕ ನೀನು ನಿಂತ್ರೆ ಜನ ಏನಂತಾರೆ? ಎಮ್ಮೆಯೂ ಅದನ್ನ ಕಟ್ಟೋ ಗೂಟವೂ ಅಂತಾರೆ."

"ಎಮ್ಮೆಯನ್ನ ಹೆತ್ತಿದ್ದು ಯಾರು?"

ಸುಕಿನಾ ಮುಚ್ಚಳ ತೆಗೆಯಲಿಲ್ಲ. ಇನ್ನೊಂದು ಮಾತು ಸೇರಿಸಿದಳು. "ತೂಗೋ ಶಾಸ್ತ್ರ ಬಿಟ್ಟುಬಿಡೋಣ. ಈಗ ಸುಮಾರು ಜನ ಬಿಡ್ತಾರೆ. ಪ್ರಾರ್ಥನೆಯ ಹಾಗೇನೂ ಕಡ್ಡಾಯ ಅಲ್ಲ. ನಿಮ್ಮಪ್ಪನೂ ಇಲ್ಲ."

"ಬಿಡಲ್ಲ," ಎಂದಳು ಪಾರ್ತಿನಿ.

"ಆ ಚಪ್ಪರದಲ್ಲಿ ಎಲ್ಲರ ಎದುರಿಗೆ ಗಂಡಸಿನ ತೊಡೆ ಮೇಲೆ ಕೂತ್ಕೋತೀಯಾ? ನಾಚಿಕೆ ಇದೆಯಾ ನಿನಗೆ?"

"ಎಂದಾಂಗ್ ಕೂತಾಗ ಇರಲಿಲ್ಲವಲ್ಲ ನಾಚಿಕೆ."

"ಎಂದಾಂಗ್ ಕೂತ್ರೆ ನೋಡೋಕೆ ಚೆನ್ನಾಗಿತ್ತು."

ಮದುವೆಯ ಬೇರೆ ಯಾವುದನ್ನೂ ಪಾರ್ತಿನಿ ಕೇಳಲಿಲ್ಲ. ಗಿಮಾನನ ಕಾಲು ತೊಳೆಯಬೇಕು ಎಂದರು, ತೊಳೆಯುತ್ತೇನೆ ಎಂದಳು. ಯಾವ ಬಣ್ಣ ಎಂದರು, ನಿಮ್ಮಿಷ್ಟ ಎಂದಳು. ಅವಳಿಗೆ ಬೇಕಿದ್ದದ್ದು ಆ ಒಂದು ಮಾತು. ಅಪ್ಪ ಜಗುಲಿಯಲ್ಲಿ ಆಟಕ್ಕೆ ಹೇಳುತ್ತಿದ್ದದ್ದನ್ನು ಒಮ್ಮೆ ಊರಿನ ಎದುರು, ನಗು ಇಲ್ಲದೆ, ಅವಳ ಬಗ್ಗೆ ಯಾರಾದರೂ ಹೇಳಬೇಕಿತ್ತು.

ಹೇಳಬೇಕಾದವನು ದೊಡ್ಡಪ್ಪ ದರ್ಸೊನೊ. ತಂದೆಯಿಲ್ಲದ ಹುಡುಗಿಗೆ ತಂದೆಯ ಅಣ್ಣನೇ ಕೂರಬೇಕು.

ಮದುವೆಗೆ ಮುಂಚೆ, ತೀರಿಹೋದ ಹಿರಿಯರ ಗೋರಿಗೆ ಹೂವು ಉದುರಿಸಿ ಸುದ್ದಿ ಹೇಳಿಬರುವ ಪದ್ಧತಿ. ದರ್ಸೊನೊ, ಸುಕಿನಾ, ಪಾರ್ತಿನಿ ಮೂವರೂ ಹೋದರು. ಕೆಂಡಸಂಪಿಗೆ ಮರದ ಕೆಳಗೆ ಅಪ್ಪನ ಗೋರಿ. ಪ್ರಾರ್ಥನೆ ಮುಗಿದ ಮೇಲೆ ಪಾರ್ತಿನಿ ಏಳಲಿಲ್ಲ.

"ದೊಡ್ಡಪ್ಪ, ಒಂದು ಮಾತು. ಶಾಸ್ತ್ರದಲ್ಲಿ ಅಮ್ಮ ಕೇಳ್ತಾರೆ. ನೀವು 'ಎರಡೂ ಒಂದೇ' ಅನ್ನಬೇಕು. ಅಷ್ಟೇ. ಬೇರೆ ತಮಾಷೆ ಬೇಡ."

"ಅಯ್ಯ, ನಾನೇನು ಮೊದಲ ಸಲ ಕೂರ್ತಿದ್ದೀನಾ ಮಗಳೇ?"

"ಇಲ್ಲೇ ಹೇಳಿ. ಅಪ್ಪನ ಎದುರಿಗೆ."

ದರ್ಸೊನೊ ಸುಕಿನಾಳ ಮುಖ ನೋಡಿ ಹುಬ್ಬು ಹಾರಿಸಿದ. ಆಮೇಲೆ ಗೋರಿಯ ಕಲ್ಲಿನ ಮೇಲೆ ಅಂಗೈ ಇಟ್ಟ. "ಆಯ್ತಪ್ಪಾ ತಮ್ಮ. ನಿನ್ನ ಮಗಳಿಗೆ ತಮಾಷೆ ಬೇಡವಂತೆ. ಮಾಡಲ್ಲ. ಸರಿಯಾ?"

"ಸರಿ," ಎಂದಳು ಪಾರ್ತಿನಿ.

ಮದುವೆಯ ಬೆಳಿಗ್ಗೆ ಸಿಂಗಾರ ಮಾಡುವ ರಾತ್ಮಿ ಬಂದಳು. ಹಣೆಯ ಅಂಚಿನ ಎಳೆಗೂದಲು ಬೋಳಿಸಿ, ಅಲ್ಲಿ ಮದುಮಗಳಿಗೆ ಬರೆಯುವ ಕಪ್ಪು ಬಣ್ಣದ ದಳಗಳನ್ನು ಬರೆದಳು. ಅಷ್ಟು ಹೊತ್ತೂ ಅವಳ ಬಾಯಿ ಸುಮ್ಮನಿತ್ತು. ಸೊಂಟಕ್ಕೆ ಉದ್ದನೆಯ ಪಟ್ಟಿ ಸುತ್ತುವಾಗ ಶುರುವಾಯಿತು.

"ಕಂಬ ಹಿಡ್ಕೋ. ಉಸಿರು ಬಿಡು. ಇನ್ನೂ ಬಿಡು. ಇದೇನು ಸೊಂಟನಾ, ಬಾವಿ ಕಟ್ಟೆನಾ? ಸುತ್ತಿ ಬರೋಷ್ಟರಲ್ಲಿ ನನಗೇ ಸುಸ್ತು."

"ಹುಷಾರು, ಬಾವಿಗೆ ಬಿದ್ದೀರಿ," ಎಂದಳು ಪಾರ್ತಿನಿ, ಕಂಬ ಹಿಡಿದುಕೊಂಡೇ.

ಬಾಡಿಗೆಗೆ ತಂದ ಕಪ್ಪು ಮಖಮಲ್ಲಿನ ಕುಪ್ಪಸ ಬೆನ್ನಿನಲ್ಲಿ ಕೂಡುತ್ತಿರಲಿಲ್ಲ. ಪಾರ್ತಿನಿ ಮೊದಲೇ ಅದೇ ಬಣ್ಣದ ಬಟ್ಟೆಯ ತುಂಡೊಂದನ್ನು ಹೊಲಿದು ಇಟ್ಟುಕೊಂಡಿದ್ದಳು. ರಾತ್ಮಿ ಅದನ್ನು ಜೋಡಿಸಿ, ಮೇಲೆ ಮಲ್ಲಿಗೆಯ ಜಡೆ ಇಳಿಬಿಟ್ಟು ಮುಚ್ಚಿದಳು. "ಬೆನ್ನು ಯಾರಿಗೂ ತೋರಿಸಬೇಡ," ಎಂದಳು. ಬಾಗಿಲಲ್ಲಿ ನಿಂತಿದ್ದ ಸುಕಿನಾ, "ಮುಂದೆಯಾದ್ರೂ ಏನಿದೆ ತೋರಿಸೋಕೆ," ಎಂದು ಒಳಗೆ ಹೋದಳು.

ಚಪ್ಪರ ತುಂಬಿತ್ತು. ಪಾರ್ತಿನಿ ಗಿಮಾನನ ಕಾಲು ತೊಳೆದಳು. ಪಟ್ಟಿ ಪಕ್ಕೆಯನ್ನು ಹಿಡಿದಿದ್ದರಿಂದ ಬಗ್ಗಿ ಏಳುವಾಗ ಕಣ್ಣು ಕತ್ತಲಿಟ್ಟಿತು. ಆದರೂ ಎದ್ದಳು. ಕೆಂಪು ಬಿಳಿ ಶಾಲಿನಲ್ಲಿ ಇಬ್ಬರ ಹೆಗಲನ್ನೂ ಸೇರಿಸಿ ವೇದಿಕೆಗೆ ಕರೆದೊಯ್ದರು. ಅಲ್ಲಿ ದರ್ಸೊನೊ ಬೆಂಚಿನ ಮೇಲೆ ಕಾಲಗಲಿಸಿ ಕೂತಿದ್ದ. ಬಲ ತೊಡೆಯ ಮೇಲೆ ಗಿಮಾನ್ ಕೂತ. ಎಡ ತೊಡೆಯ ಮೇಲೆ ಪಾರ್ತಿನಿ ಕೂತಳು. ಕೂತಳು ಎಂದರೆ, ತನ್ನ ಅಭ್ಯಾಸದ ಹಾಗೆ, ಭಾರವನ್ನೆಲ್ಲ ಪಾದಕ್ಕೆ ಕೊಟ್ಟು ತೊಡೆಗೆ ಸೋಕಿದಂತೆ ನಿಂತಳು. ದೊಡ್ಡಪ್ಪನ ಕಾಲಿಗೆ ನೋವಾಗಬಾರದು ಎಂದು.

ಯಾರೋ ಮೈಕು ಹಿಡಿದರು. ಸುಕಿನಾ ಬಂದು ನಿಂತು ಕೇಳಬೇಕಾದ್ದನ್ನು ಕೇಳಿದಳು: "ಯಾವುದು ಭಾರ?"

ದರ್ಸೊನೊ ಜನರತ್ತ ನೋಡಿದ. ಮುಂದಿನ ಸಾಲಿನವರು ಆಗಲೇ ನಗಲು ಸಿದ್ಧರಾಗಿದ್ದರು. ಪಾರ್ತಿನಿಗೆ ಅವನ ಹೊಟ್ಟೆ ಒಮ್ಮೆ ಉಬ್ಬಿದ್ದು ಬೆನ್ನಿಗೆ ತಾಕಿತು.

"ಈ ಕಡೆ ಹುಡುಗ ಕೂತಿದ್ದಾನಾ ಇಲ್ವಾ, ನೋಡಿ ಹೇಳ್ರಪ್ಪ, ನನಗೆ ಗೊತ್ತಾಗ್ತಿಲ್ಲ," ಎಂದ ಅವನು ಮೈಕಿಗೆ. "ಈ ಕಡೆ ಯಾರೋ ಭತ್ತದ ಮೂಟೆ ಇಟ್ಟು ಹೋಗಿದ್ದಾರೆ. ಮಿಲ್ಲಿನವರು ಬಂದು ಎತ್ಕೊಂಡು ಹೋಗಿ, ಕಾಲು ಜೋಮು ಹಿಡೀತಿದೆ."

ಚಪ್ಪರ ನಕ್ಕಿತು. ಹಿಂದಿನ ಸಾಲಿನಲ್ಲಿ ಯಾರೋ ಮೇಜು ಬಡಿದರು. ಬಾಗಿಲಲ್ಲಿ ನಿಂತ ಬೇಲಿಯ ಹುಡುಗಿಯರು, ಪಾರ್ತಿನಿಯೇ ಹೊಲಿದ ಬಟ್ಟೆಯಲ್ಲಿ, ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು. ಪಾರ್ತಿನಿ ಕದಲಲಿಲ್ಲ. ಆಗ ಅವಳಿಗೆ ಇನ್ನೊಂದು ತಿಳಿಯಿತು. ದೊಡ್ಡಪ್ಪನ ಮೈ ಎರಡು ಕಡೆಯಿಂದ ಅಲುಗುತ್ತಿತ್ತು. ಒಂದು ಅವನದೇ ನಗು. ಇನ್ನೊಂದು ಅವನ ಆಚೆ ತೊಡೆಯಿಂದ ಬರುತ್ತಿತ್ತು. ಗಿಮಾನ್ ನಗುತ್ತಿದ್ದ.

ಸುಕಿನಾ ಇಬ್ಬರ ತೋಳಿಗೂ ಕೈ ಹಾಕಿದಳು. "ಏಳಿ, ಏಳಿ. ಆಯ್ತು."

ಗಿಮಾನ್ ಅರ್ಧ ಎದ್ದ. ಪಾರ್ತಿನಿ ಕೈ ಚಾಚಿ ಅವನ ಮಣಿಕಟ್ಟು ಹಿಡಿದು ಕೆಳಗೆ ಎಳೆದಳು. ಅವನು ಕೂತ.

ಆಮೇಲೆ ಅವಳು ಪಾದ ಸಡಿಲಿಸಿದಳು. ಶಾಲೆಯ ಬೆಂಚಿನ ದಿನದಿಂದ ಬಿಗಿಹಿಡಿದಿದ್ದ ಕಾಲುಗಳನ್ನು ಮುಂದಕ್ಕೆ ಚಾಚಿ, ಹಿಮ್ಮಡಿಯನ್ನು ನೆಲದಿಂದ ಎತ್ತಿ, ತನ್ನ ಮೈಯ ಭಾರವನ್ನೆಲ್ಲ ದರ್ಸೊನೊನ ತೊಡೆಯ ಮೇಲೆ ಬಿಟ್ಟಳು. ಅವನ ಬಾಯಿಂದ ಗಾಳಿ ಹೊರಟಿತು. ಮೈಕು ಹತ್ತಿರವೇ ಇದ್ದದ್ದರಿಂದ ಅದು ಎಲ್ಲರಿಗೂ ಕೇಳಿಸಿತು.

"ದೊಡ್ಡಪ್ಪ ಇನ್ನೂ ಉತ್ತರ ಹೇಳಿಲ್ಲ," ಎಂದಳು ಪಾರ್ತಿನಿ. ಜೋರಾಗಿ ಹೇಳಲಿಲ್ಲ. ಮೈಕು ಅದನ್ನೂ ಹಿಡಿಯಿತು. "ಹೇಳೋವರೆಗೆ ನಾನು ಏಳಲ್ಲ."

"ಏಳೇ," ಎಂದಳು ಸುಕಿನಾ ಹಲ್ಲು ಕಚ್ಚಿ. "ಮಾನ ಕಳೀಬೇಡ."

"ಅಮ್ಮಾ, ಇನ್ನೊಂದು ಸಲ ಕೇಳಿ."

"ತಮಾಷೆಗೆ ಹೇಳಿದೆ ಕಣೇ," ಎಂದ ದರ್ಸೊನೊ, ನಗುವನ್ನು ಮುಖದ ಮೇಲೆ ಉಳಿಸಿಕೊಳ್ಳಲು ನೋಡುತ್ತ. ಅವನ ಕುತ್ತಿಗೆಯ ಬೆವರು ಪಾರ್ತಿನಿಯ ಹೆಗಲಿಗೆ ತೊಟ್ಟಿಕ್ಕಿತು. "ಇಷ್ಟಕ್ಕೆಲ್ಲ ಮುನಿಸಿಕೊಂಡ್ರೆ ಸಂಸಾರ ಮಾಡ್ತೀಯಾ? ಏಳು, ಮಂಡಿ ಹೋಗುತ್ತೆ."

"ಗೋರಿ ಮುಟ್ಟಿದ ಕೈ ಯಾವುದು ದೊಡ್ಡಪ್ಪ, ಎಡದ್ದಾ ಬಲದ್ದಾ?"

ಮುಂದಿನ ಸಾಲಿನ ನಗು ಅಲ್ಲಿಗೆ ನಿಂತಿತು. ಹಿಂದಿನವರು ಏನಾಯಿತೆಂದು ತಿಳಿಯದೆ ಇನ್ನಷ್ಟು ಹೊತ್ತು ನಕ್ಕರು, ಆಮೇಲೆ ಅವರೂ ಸುಮ್ಮನಾದರು. ಗಿಮಾನನ ಅಜ್ಜಿ ಮೊದಲ ಕುರ್ಚಿಯಲ್ಲಿ ಕೂತು ಎಲೆಯಡಿಕೆ ಜಗಿಯುತ್ತಿದ್ದಳು. ಪಾರ್ತಿನಿಯನ್ನು ಕಂಡರೆ ಆಕೆಗೆ ಮೊದಲಿಂದಲೂ ಆಗದು. ಆಕೆಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ.

"ಅದೇನು ಮಾತು," ಎಂದಳು ಅಜ್ಜಿ. "ಹುಡುಗ ಕೂತಿದ್ದೇ ಗೊತ್ತಾಗಲ್ಲವಂತೆ. ನಮ್ಮ ಹುಡುಗ ಏನು ಗಾಳಿಗೆ ಹಾರಿ ಬಂದವನಾ? ಶಾಸ್ತ್ರದ ಮಾತು ಕೆಟ್ಟರೆ ಗಂಡಹೆಂಡಿರಲ್ಲಿ ಒಬ್ಬರ ಕಾಲಡಿ ಒಬ್ಬರು ಬೀಳ್ತಾರೆ. ಸರಿಯಾಗಿ ಹೇಳಿಸ್ರೀ."

ಗಂಡಿನ ಕಡೆಯವರು ತಲೆಯಾಡಿಸಿದರು. ಸುಕಿನಾಳ ಮುಖ ಬಿಳಿಚಿಕೊಂಡಿತು. ಮಗಳಿಗಾಗಿ ಅಲ್ಲ, ಬೀಗರಿಗಾಗಿ, ಆಕೆ ಮತ್ತೆ ಎದುರು ಬಂದು ನಿಂತಳು.

"ಯಾವುದು ಭಾರ?"

"ಎರಡೂ ಒಂದೇ," ಎಂದ ದರ್ಸೊನೊ.

"ಕೇಳಿಸಲಿಲ್ಲ," ಎಂದಳು ಪಾರ್ತಿನಿ.

"ಎರಡೂ ಒಂದೇ. ಎರಡೂ ಒಂದೇ ಕಣಮ್ಮ."

ಅಪ್ಪ ಹೇಳುತ್ತಿದ್ದ ಹಾಗೆ ಇರಲಿಲ್ಲ ಅದು. ನೋವಿಗೆ ಹೇಳಿದ ಮಾತು, ದ್ವೇಷವಿದ್ದ ಮಾತು. ಪಾರ್ತಿನಿ ಅದನ್ನೇ ತೆಗೆದುಕೊಂಡಳು. ಗಿಮಾನನ ಕೈ ಬಿಟ್ಟು ಎದ್ದಳು.

ಸಂಜೆ ಒಳಮನೆಯಲ್ಲಿ ಸುಕಿನಾ ಪಟ್ಟಿ ಬಿಚ್ಚಿದಳು. ಪಕ್ಕೆಗಳ ಮೇಲೆ ಕೆಂಪು ಬರೆ ಎದ್ದಿದ್ದವು. ಆಕೆ ಅವನ್ನು ನೋಡಿದಳು, ಮುಟ್ಟಲಿಲ್ಲ.

"ನಿಮ್ಮಪ್ಪ ಇದ್ದಿದ್ರೆ ಇವತ್ತು ತಲೆ ತಗ್ಗಿಸ್ತಿದ್ದ."

"ಅಪ್ಪ ಇದ್ದಿದ್ರೆ ಒಂದೇ ಸಲಕ್ಕೆ ಹೇಳ್ತಿದ್ದರು."

"ಬಾಯಿ ಮಾತ್ರ ಇದೆ ನಿನಗೆ," ಎಂದು ಸುಕಿನಾ ಪಟ್ಟಿಯನ್ನು ಸುರುಳಿ ಸುತ್ತಿ, ಕಷಾಯದ ಬಾಟಲಿಯ ಜೊತೆ ಮಗಳ ಗಂಟಿನಲ್ಲಿ ತುರುಕಿದಳು. ಪಾರ್ತಿನಿ ಎರಡನ್ನೂ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅದಾದ ಮೇಲೆ ಬಹಳ ಕಾಲ ತಾಯಿ ಮಗಳು ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಗಿಮಾನ್ ಜಗುಲಿಯಲ್ಲಿ ಮಣಿಕಟ್ಟು ತಿಕ್ಕಿಕೊಳ್ಳುತ್ತ ಕೂತಿದ್ದ. "ನೋಡು, ಉಗುರಿನ ಗುರುತು."

"ನೀನೂ ನಕ್ಕೆ."

"ಎಲ್ಲರೂ ನಕ್ಕರಲ್ಲ."

"ಎಲ್ಲರ ಜೊತೆ ಸಂಸಾರ ಮಾಡ್ತೀಯಾ?"

ಅವಳು ಅವನ ಕೈಗೊಂದು ತಟ್ಟೆ ಕೊಟ್ಟು, ತನಗೂ ಒಂದು ತಟ್ಟೆ ತುಂಬ ಅನ್ನ, ಮಾಂಸದ ಸಾರು ಹಾಕಿಕೊಂಡು ಬಂದು, ಅವನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಪೂರ್ತಿ ಕೂತಳು. ಕುರ್ಚಿ ಕಿರುಗುಟ್ಟಿತು. ಗಿಮಾನ್ ಅದರ ಕಾಲುಗಳತ್ತ ನೋಡಿದ.

"ಅಲ್ಲಿ ನೋಡಬೇಡ," ಎಂದಳು ಪಾರ್ತಿನಿ. "ಊಟ ಮಾಡು."

ಈಗ ಊರಿನಲ್ಲಿ ಆ ಕಥೆ ಬೇರೆ ರೂಪದಲ್ಲಿದೆ. ಅವಳು ಕೂತ ಭಾರಕ್ಕೆ ದೊಡ್ಡಪ್ಪನ ಮಂಡಿ ಮುರಿದು, ಅವನನ್ನು ಚಪ್ಪರದಿಂದ ಹೊತ್ತುಕೊಂಡು ಹೋದರಂತೆ. ನಿಜವಾಗಿ ಅವನು ಒಂದೆರಡು ದಿನ ಕುಂಟಿದ, ಅಷ್ಟೇ. ಪಾರ್ತಿನಿ ಅದನ್ನು ತಿದ್ದಲು ಹೋಗುವುದಿಲ್ಲ. ಹೆಂಗಸರಲ್ಲಿ ಕೆಲವರು ಅವಳನ್ನು ಮಾನಗೆಟ್ಟವಳು ಎನ್ನುತ್ತಾರೆ. ಅಳತೆ ಕೊಡಲು ಬರುವ ಹುಡುಗಿಯರು ಮಾತ್ರ ಅವಳ ಟೇಪಿನ ಎದುರು ಒಮ್ಮೊಮ್ಮೆ ಉಸಿರು ಬಿಟ್ಟು ನಿಲ್ಲುತ್ತಾರೆ. ಎಲ್ಲರೂ ಅಲ್ಲ.

ದರ್ಸೊನೊ ಇನ್ನೂ ಮೈಕು ಹಿಡಿಯುತ್ತಾನೆ. ಹತ್ತಿರದ ನೆಂಟರ ಮಕ್ಕಳು, ದೂರದ ನೆಂಟರ ಮಕ್ಕಳು, ಹೀಗೆ ತಂದೆಯಿಲ್ಲದ ಹುಡುಗಿಯರ ಶಾಸ್ತ್ರಕ್ಕೆ ಅವನೇ ಕೂರುತ್ತಾನೆ. ಅಂಥ ಮದುವೆ ಎಲ್ಲಿದ್ದರೂ ಪಾರ್ತಿನಿ ಹೋಗುತ್ತಾಳೆ. ಕರೆ ಬಾರದಿದ್ದರೂ ಹೋಗುತ್ತಾಳೆ. ಹಿತ್ತಿಲಿಗೆ ಹೋಗುವುದಿಲ್ಲ. ಮೊದಲ ಸಾಲಿನಲ್ಲಿ ಒಂದು ಕುರ್ಚಿ ಎಳೆದುಕೊಂಡು, ಕಾಲು ಚಾಚಿ, ಇಡೀ ಮೈಯನ್ನು ಅದರ ಮೇಲೆ ಬಿಟ್ಟು ಕೂತು, ದೊಡ್ಡಪ್ಪನನ್ನೇ ನೋಡುತ್ತಾಳೆ. ಅವನು ಅವಳತ್ತ ನೋಡುವುದಿಲ್ಲ. ತಾಯಿಯಾದವಳು ಇನ್ನೂ ಪ್ರಶ್ನೆ ಮುಗಿಸುವ ಮೊದಲೇ, ಮೈಕಿನ ಹತ್ತಿರಕ್ಕೂ ಬಾಯಿ ತಾರದೆ, ಅವಸರವಾಗಿ ಹೇಳಿಬಿಡುತ್ತಾನೆ:

"ಎರಡೂ ಒಂದೇ."